ಸಜ್ಜೆಯ ತೋ, ಶೇಂಗಾ ಸಾರು, ಕೆಂಪು ಪುಂಡಿ ಪಾನಕ: ಮಾಲಿಯ ಊಟ ಮನೆಯಲ್ಲಿ ಮಾಡುವ ಬಗೆ

ಮುದ್ದೆ ತಿರುವಿ ಅಭ್ಯಾಸ ಇರುವವರಿಗೆ ಮಾಲಿಯ ಅಡುಗೆ ಅರ್ಧ ಬಂದ ಹಾಗೆ. ಉಳಿದರ್ಧ ಬರಬೇಕಾದರೆ ನಮ್ಮ ಕೆಲವು ರೂಢಿಗಳನ್ನು ಬಾಗಿಲಾಚೆ ಬಿಡಬೇಕು. ಇಲ್ಲಿ ಒಗ್ಗರಣೆ ಇಲ್ಲ, ಮಸಾಲೆ ಪುಡಿ ಇಲ್ಲ, ಕೊನೆಗೆ ಉದುರಿಸುವ ಕೊತ್ತಂಬರಿಯೂ ಇಲ್ಲ. ಬೆಂಡೆಕಾಯಿಯ ಲೋಳೆ ಹೋಗುವ ತನಕ ಹುರಿಯುವ ಪದ್ಧತಿಯಂತೂ ನಡೆಯುವುದೇ ಇಲ್ಲ, ಏಕೆಂದರೆ ಅಲ್ಲಿ ಬೇಕಾಗಿರುವುದೇ ಲೋಳೆ. ರುಚಿ ಹುಟ್ಟುವುದು ಮೂರು ಕಡೆಯಿಂದ: ಹುದುಗು ಬರಿಸಿದ ಬೀಜ, ಒಣಮೀನು, ಮತ್ತು ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಕಾಯುವ ಹೊತ್ತು.

ಇದು ಮಾಲ್ಡೀವ್ಸ್‌ನ ಮಾಲೆ ಅಲ್ಲ. ಪಶ್ಚಿಮ ಆಫ್ರಿಕಾದ ಕಡಲಿಲ್ಲದ ದೇಶ, ರಾಜಧಾನಿ ಬಮಾಕೊ. ನೈಜರ್ ನದಿ ಬಮಾಕೊ, ಸೆಗು, ಮೋಪ್ಟಿಗಳನ್ನು ಹಾಯ್ದು ಟಿಂಬಕ್ಟುವಿನ ಬಳಿ ಮರಳುಗಾಡಿನ ಅಂಚು ಮುಟ್ಟಿ, ತಿರುಗಿ ಗಾವೊ ಕಡೆಗೆ ಇಳಿಯುತ್ತದೆ. ಊಟವೂ ಹೊಳೆಯ ದಾರಿಯಂತೆಯೇ ಬದಲಾಗುತ್ತ ಹೋಗುತ್ತದೆ. ದಕ್ಷಿಣದಲ್ಲಿ ಜೋಳ, ಸಜ್ಜೆ, ಮೆಕ್ಕೆಜೋಳ. ನಡುವಿನ ನದೀಬಯಲಿನಲ್ಲಿ ಅಕ್ಕಿ ಮತ್ತು ಮೀನು. ಉತ್ತರದಲ್ಲಿ ಗೋಧಿ, ಕುರಿಮಾಂಸ, ಹಾಲು. ಸಜ್ಜೆಯ ತವರೂ ಆ ಕಡೆಯದೇ. ಉತ್ತರ ಮಾಲಿಯ ತಿಲೆಮ್ಸಿ ಕಣಿವೆಯಲ್ಲಿ ಸಿಕ್ಕ ಸಾಗುವಳಿ ಸಜ್ಜೆಯ ಗುರುತುಗಳು ಸುಮಾರು 4500 ವರ್ಷ ಹಳೆಯವು. ಬಾಗಲಕೋಟೆಯ ಮನೆಯಲ್ಲಿ ಬಡಿಯುವ ಸಜ್ಜೆ ರೊಟ್ಟಿಯ ಕಾಳು ಅಷ್ಟು ದೂರದಿಂದ ನಡೆದುಬಂದದ್ದು.

ಕೆಳಗಿನ ಅಳತೆಗಳೆಲ್ಲ ನಾಲ್ಕೈದು ಜನಕ್ಕೆ.

ಮೊದಲು ಕೂಡಿಹಾಕಬೇಕಾದ್ದು

ಹಿಟ್ಟಿನಿಂದಲೇ ಶುರು ಮಾಡಿ. ಮಾಲಿಯಲ್ಲಿ ಸಜ್ಜೆ, ಜೋಳಗಳನ್ನು ಒರಳಿನಲ್ಲಿ ಕುಟ್ಟಿ ತೌಡು ತೆಗೆದು, ತೊಳೆದು, ಆಮೇಲೆ ಹಿಟ್ಟು ಮಾಡುತ್ತಾರೆ. ಹಾಗಾಗಿ ಅಲ್ಲಿನ ಹಿಟ್ಟು ಬೆಳ್ಳಗೆ, ನುಣ್ಣಗೆ. ನಮ್ಮ ಗಿರಣಿ ಹಿಟ್ಟಿನಲ್ಲಿ ತೌಡು ಉಳಿದಿರುತ್ತದೆ, ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಹಿಡಿದರೆ ಸಾಕಷ್ಟು ಹತ್ತಿರ ಬರುತ್ತದೆ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಹತ್ತು ದಿನದೊಳಗೆ ಕಮಟು ಹಿಡಿಯುತ್ತದೆ. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನೋಡಿ. ಕಹಿ ಉಳಿದರೆ ಆ ಹಿಟ್ಟು ಬೇಡ, ಯಾವ ಸಾರೂ ಅದನ್ನು ಮುಚ್ಚಿಡಲಾರದು.

ಎರಡನೆಯದು ಸುಂಬಾಲಾ. ನೆರೆ ಎಂಬ ಮರದ ಬೀಜವನ್ನು ಬಹಳ ಹೊತ್ತು ಬೇಯಿಸಿ, ಸಿಪ್ಪೆ ಕಳೆದು, ಮತ್ತೆ ಬೇಯಿಸಿ, ಎರಡು ಮೂರು ದಿನ ಬೆಚ್ಚಗೆ ಮುಚ್ಚಿಟ್ಟು ಹುದುಗು ಬರಿಸಿದ ಕಪ್ಪು ಉಂಡೆ. ವಾಸನೆ ಜೋರು. ಮೊದಲ ಸಲ ಡಬ್ಬಿ ತೆರೆದವರು ಕೆಟ್ಟುಹೋಗಿದೆ ಎಂದು ಎಸೆದುಬಿಟ್ಟರೆ ಆಶ್ಚರ್ಯವಿಲ್ಲ. ಸಾರಿನಲ್ಲಿ ಬೆಂದ ಮೇಲೆ ಆ ವಾಸನೆ ಅಡಗಿ, ಒಣಮೀನಿಗೂ ಹುರಿದ ಕಾಳಿಗೂ ನಡುವಿನ ಒಂದು ಆಳವಾದ ರುಚಿ ಉಳಿಯುತ್ತದೆ. ಯುರೋಪು, ಅಮೆರಿಕದಲ್ಲಿರುವ ಕನ್ನಡಿಗರಿಗೆ ಆಫ್ರಿಕನ್ ಅಂಗಡಿಗಳಲ್ಲಿ ಇದು ಸಿಗುತ್ತದೆ. ಪ್ಯಾರಿಸ್ಸಿನ ಶಾತೋ ರೂಜ್ ಪೇಟೆಯಲ್ಲಿ ಹುಡುಕುವ ಕಷ್ಟವೂ ಇಲ್ಲ. ಭಾರತದಲ್ಲಿರುವವರು ನಾಗಾಲ್ಯಾಂಡಿನ ಹುದುಗು ಸೋಯಾ, ಅಂದರೆ ಅಖುನಿ ಬಳಸಬಹುದು. ಎರಡೂ ಒಂದೇ ಜಾಡಿನ ಹುದುಗು. ಅದೂ ಇಲ್ಲವೆಂದರೆ ಕಪ್ಪು ಮಿಸೊ ಒಂದು ದೊಡ್ಡ ಚಮಚ ಹಾಕಿ ಉಪ್ಪು ತಗ್ಗಿಸಿ. ಇಂದಿನ ಬಮಾಕೊದಲ್ಲಿ ಎಷ್ಟೋ ಮನೆಗಳು ಸುಂಬಾಲಾ ಜಾಗಕ್ಕೆ ಸ್ಟಾಕ್ ಕ್ಯೂಬ್ ಹಾಕುತ್ತವೆ. ಕೆಲಸ ನಡೆಯುತ್ತದೆ, ಆದರೆ ಬೆಂಡೆಕಾಯಿ ಸಾರಿಗೆ ಆ ಬದಲಿ ಒಪ್ಪುವುದಿಲ್ಲ.

ಮೂರನೆಯದು ಶೇಂಗಾ ಮುದ್ದೆ, ಇದನ್ನು ಮನೆಯಲ್ಲೇ ಮಾಡಿ. 250 ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿಯಿರಿ. ಚಟ್ನಿಪುಡಿಗೆ ಹುರಿದಷ್ಟು ಕಪ್ಪಾಗಬಾರದು, ಸಾರು ಕಹಿಯಾಗುತ್ತದೆ. ಸಿಪ್ಪೆ ತಿಕ್ಕಿ ಕೇರಿ, ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ. ಮೊದಲು ಪುಡಿ, ಆಮೇಲೆ ಜಾರಿನ ಗೋಡೆಗೆ ಅಂಟುವ ಮುದ್ದೆ, ಕೊನೆಗೆ ತಾನೇ ಎಣ್ಣೆ ಬಿಟ್ಟು ಹರಿಯುವ ಹದ. ನಡುನಡುವೆ ನಿಲ್ಲಿಸಿ ಜಾರು ತಣಿಯಲು ಬಿಡಿ. ಒಂದು ಹನಿ ನೀರೂ ಸೇರಕೂಡದು. ಸೇರಿತೋ, ಮುದ್ದೆ ಬಿಗಿದುಕೊಂಡು ಮತ್ತೆ ನುಣ್ಣಗಾಗುವುದಿಲ್ಲ. ಅಂಗಡಿಯ ಪೀನಟ್ ಬಟರ್ ತರುವುದಾದರೆ ಸಕ್ಕರೆ ಇಲ್ಲದ್ದನ್ನೇ ತನ್ನಿ.

ತೋ

ಇದೇ ಮಾಲಿಯ ಮುದ್ದೆ. ಆದರೆ ಕಟ್ಟುವ ಕ್ರಮ ಬೇರೆ. ನಾವು ಎಸರು ಕುದಿಸಿ, ಹಿಟ್ಟು ಸುರಿದು, ಅದು ಬೆಂದ ಮೇಲೆ ಕೋಲಿನಲ್ಲಿ ತಿರುವುತ್ತೇವೆ. ಅಲ್ಲಿ ಮೊದಲು ತೆಳು ಗಂಜಿ ಕಾಯಿಸಿ, ಅದರಲ್ಲಿ ಒಂದು ಪಾಲು ಎತ್ತಿಟ್ಟು, ಉಳಿದದ್ದಕ್ಕೆ ಹಿಟ್ಟು ಸೇರಿಸುತ್ತಾರೆ. ಎತ್ತಿಟ್ಟ ಗಂಜಿಯನ್ನು ಹದ ನೋಡಿ ಮರಳಿ ಹಾಕುತ್ತ ಹೋಗುವುದು.

ಬೇಕಾದ್ದು: ಜರಡಿ ಹಿಡಿದ ಜೋಳದ ಅಥವಾ ಸಜ್ಜೆಯ ಹಿಟ್ಟು 500 ಗ್ರಾಂ, ನೀರು 1.75 ಲೀಟರ್, ಅಡುಗೆ ಸೋಡಾ ಕಾಲು ಟೀ ಚಮಚ. ಮೂಲದಲ್ಲಿ ಸೋಡಾ ಇಲ್ಲ. ಕಡ್ಡಿ, ದಂಟು ಸುಟ್ಟ ಬೂದಿಯನ್ನು ನೀರಿನಲ್ಲಿ ಸೋಸಿ ತೆಗೆದ ಕ್ಷಾರ ಹಾಕುತ್ತಾರೆ. ಮಾಲಿಯ ತೋಗೆ ಹಳದಿ ಹಸಿರಿನ ಛಾಯೆ ಬರುವುದು ಅದರಿಂದಲೇ. ನೆರೆಯ ಬುರ್ಕಿನಾ ಫಾಸೊದಲ್ಲಿ ಕ್ಷಾರದ ಬದಲು ಹುಣಸೆಯ ಹುಳಿ ಹಿಂಡುತ್ತಾರೆ, ಅಲ್ಲಿನ ತೋ ಬಣ್ಣ ತಿಳಿ, ರುಚಿ ಹುಳಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡನ್ನೂ ಸೇರಿಸಿದರೆ ನೊರೆ ಬಂದು ಒಂದನ್ನೊಂದು ಕೊಲ್ಲುತ್ತವೆ.

1. 100 ಗ್ರಾಂ ಹಿಟ್ಟನ್ನು 300 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ.
2. ಉಳಿದ ನೀರು ಕೊತಕೊತ ಕುದಿಯುವಾಗ ಸೋಡಾ ಹಾಕಿ, ಕದಡಿದ ಹಿಟ್ಟನ್ನು ಕೈಯಾಡಿಸುತ್ತ ಸುರಿಯಿರಿ. ಆರೆಂಟು ನಿಮಿಷ ಕುದಿದರೆ ತೆಳು ಅಂಬಲಿಯ ಹದ.
3. ಎರಡು ದೊಡ್ಡ ಸೌಟು, ಅಂದರೆ ಸುಮಾರು 400 ಮಿ.ಲೀ. ಗಂಜಿ ತೆಗೆದು ಪಕ್ಕದಲ್ಲಿ ಮುಚ್ಚಿಡಿ.
4. ಉರಿ ತಗ್ಗಿಸಿ. ಉಳಿದ 400 ಗ್ರಾಂ ಹಿಟ್ಟನ್ನು ಒಂದೊಂದೇ ಹಿಡಿ ಉದುರಿಸುತ್ತ, ಮುದ್ದೆ ಕೋಲಿನಿಂದ ಪಾತ್ರೆಯ ಬದಿಗೆ ಒತ್ತಿ ಒತ್ತಿ ತಿರುವಿ. ಕೋಲು ನಿಂತುಬಿಡುವಷ್ಟು ಬಿಗಿಯಾದಾಗ ಎತ್ತಿಟ್ಟ ಗಂಜಿ ಅರ್ಧ ಸೌಟು. ಮತ್ತೆ ಹಿಟ್ಟು, ಮತ್ತೆ ಗಂಜಿ.
5. ಮುಚ್ಚಳ ಹಾಕಿ ಅತಿ ಸಣ್ಣ ಉರಿಯಲ್ಲಿ 10–12 ನಿಮಿಷ ಬಿಡಿ. ನಡುವೆ ಒಮ್ಮೆ ತಳದಿಂದ ಮೇಲಕ್ಕೆ ಮಗುಚಿ.
6. ಒದ್ದೆ ಸೌಟಿನಿಂದ ಪದರ ಪದರವಾಗಿ ಬೋಗುಣಿಗೆ ಇಳಿಸಿ. ಉಂಡೆ ಕಟ್ಟುವುದಿಲ್ಲ. ಮೇಲೊಂದು ತೆಳು ಪೊರೆ ಕಟ್ಟಿದ ಮೇಲೆ ಊಟಕ್ಕೆ ಸಿದ್ಧ.

ತೌಡು ಉಳಿದ ಹಿಟ್ಟಾದರೆ ಇನ್ನೊಂದು 100–150 ಮಿ.ಲೀ. ಬಿಸಿನೀರು ಬೇಕಾದೀತು.

ಹದಗೆಡುವುದು ಎಲ್ಲಿ? ಬೆರಳಿಗೆ ಅಂಟಿದರೆ ಹಿಟ್ಟು ಪೂರ್ತಿ ಬೆಂದಿಲ್ಲ, ಐದನೆಯ ಹಂತವನ್ನು ಅವಸರದಲ್ಲಿ ಮುಗಿಸಿದ್ದೀರಿ. ಒಳಗೆ ಬಿಳಿ ಗಂಟು ಕಂಡರೆ ನಾಲ್ಕನೆಯ ಹಂತದಲ್ಲಿ ಹಿಟ್ಟು ಒಮ್ಮೆಲೇ ಬಿದ್ದಿದೆ. ಸಾಬೂನಿನ ರುಚಿ ಬಂದರೆ ಸೋಡಾ ಹೆಚ್ಚಾಯಿತು. ಮಾಲಿಯ ಹೆಂಗಸರು ತೋ ಹೇಗಿದೆಯೆಂದು ಅಳೆಯುವುದು ಮಾಡಿದ ರಾತ್ರಿ ಅಲ್ಲ, ಮರುದಿನ ಬೆಳಿಗ್ಗೆ. ಉಳಿದ ತೋ ನೀರು ಬಿಡದೆ ಚಾಕುವಿನಲ್ಲಿ ಕತ್ತರಿಸುವಂತೆ ನಿಂತಿರಬೇಕು. ನೀರು ಬಿಟ್ಟಿದ್ದರೆ ಬೇಯಿಸಿದ್ದು ಸಾಲದು ಅಥವಾ ಹಿಟ್ಟು ಹಳತು.

ಬೆಂಡೆಕಾಯಿ ಸಾರು

ತೋಗೆ ಒಣ ಪಲ್ಯ ಹೊಂದುವುದಿಲ್ಲ. ತುತ್ತು ಗಂಟಲಲ್ಲಿ ತಾನೇ ಜಾರಬೇಕು, ಅದಕ್ಕೇ ಈ ಲೋಳೆ ಸಾರು. ಬಸ್ಸಾರಿನ ಜೊತೆ ಮುದ್ದೆ ನುಂಗುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಳೆ ಬೆಂಡೆಕಾಯಿ 300 ಗ್ರಾಂ, ಮೂಳೆ ಸಹಿತ ಕುರಿ ಅಥವಾ ಆಡಿನ ಮಾಂಸ 300 ಗ್ರಾಂ, ತೊಳೆದ ಒಣಮೀನು 50 ಗ್ರಾಂ, ದೊಡ್ಡ ಈರುಳ್ಳಿ 1, ಸುಂಬಾಲಾ ಒಂದು ದೊಡ್ಡ ಚಮಚ, ಹಸಿಮೆಣಸಿನಕಾಯಿ 2, ಎಣ್ಣೆ ಎರಡು ಚಮಚ, ಉಪ್ಪು. ಹಳ್ಳಿಗಳಲ್ಲಿ ಎಣ್ಣೆಯ ಜಾಗದಲ್ಲಿ ಶಿಯಾ ಬೆಣ್ಣೆ ಇರುತ್ತದೆ. ನಮ್ಮಲ್ಲಿ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೆ ಕಾಣುವ ಹೆಸರೇ ಅದು, ಆದರೆ ಆ ಕ್ರೀಮನ್ನು ಬಾಣಲೆಗೆ ಹಾಕಬೇಡಿ.

ಮಾಂಸ, ಅರ್ಧ ಈರುಳ್ಳಿ, ಉಪ್ಪಿಗೆ ಒಂದೂಕಾಲು ಲೀಟರ್ ನೀರು ಹಾಕಿ ಮೆತ್ತಗಾಗುವ ತನಕ ಬೇಯಿಸಿ. ಸುಂಬಾಲಾ, ಉಳಿದ ಈರುಳ್ಳಿ, ಮೆಣಸಿನಕಾಯಿಗಳನ್ನು ಒಟ್ಟಿಗೆ ಕುಟ್ಟಿ ಹಾಕಿ, ಒಣಮೀನೂ ಎಣ್ಣೆಯೂ ಸೇರಲಿ, 15 ನಿಮಿಷ ಕುದಿಯಲಿ. ಅಷ್ಟರಲ್ಲಿ ಬೆಂಡೆಯನ್ನು ಸಣ್ಣಗೆ ಹೆಚ್ಚಿ, ಅರ್ಧವನ್ನು ಒರಳಿನಲ್ಲಿ ಜಜ್ಜಿಡಿ. ಎಲ್ಲವನ್ನೂ ಕುದಿಯುವ ಸಾರಿಗೆ ಹಾಕಿ ಮುಚ್ಚಳ ತೆಗೆದೇ 10–12 ನಿಮಿಷ ಬೇಯಿಸುತ್ತ, ಮಜ್ಜಿಗೆ ಕಡೆದ ಹಾಗೆ ಬಿರುಸಾಗಿ ಕೈಯಾಡಿಸಿ. ಸೌಟು ಎತ್ತಿದರೆ ನೂಲಿನಂತೆ ಎಳೆ ಇಳಿಯಬೇಕು, ಅದೇ ಹದ.

ಟೊಮೆಟೊ, ಹುಣಸೆ, ನಿಂಬೆ ಯಾವುದೂ ಇದರ ಹತ್ತಿರ ಸುಳಿಯಬಾರದು. ಹುಳಿ ತಾಕಿದರೆ ಲೋಳೆ ಮುರಿದು ಸಾರು ನೀರಾಗುತ್ತದೆ. ಹುಳಿ ಇಲ್ಲದೆ ಊಟ ಇಳಿಯದು ಎನ್ನುವವರು ಟೊಮೆಟೊ ಹಾಕಿದ ಮಾಂಸದ ಕೆಂಪು ಸಾರನ್ನು ಬೇರೆ ಬಟ್ಟಲಲ್ಲಿ ಇಟ್ಟುಕೊಳ್ಳಲಿ. ಮಾಲಿಯಲ್ಲೂ ತೋ ಜೊತೆ ಹೀಗೆ ಎರಡು ಸಾರು ಬಡಿಸುವುದುಂಟು. ಈ ಸಾರನ್ನು ಮತ್ತೆ ಮತ್ತೆ ಕಾಯಿಸಿದರೂ ಎಳೆ ಹೋಗುತ್ತದೆ, ಆ ಹೊತ್ತಿಗೆ ಬೇಕಾದಷ್ಟೇ ಮಾಡಿ.

ಹಸಿ ಬೆಂಡೆ ಸಿಗದ ತಿಂಗಳುಗಳಲ್ಲಿ ಅಲ್ಲಿ ಒಣಗಿಸಿದ ಬೆಂಡೆಪುಡಿ ಅಥವಾ ಬಾವೊಬಾಬ್ ಎಂಬ ಮರದ ಎಲೆಯ ಪುಡಿ ಬಳಸುತ್ತಾರೆ. ಪುಡಿ ಎರಡು ಮೂರು ಚಮಚ ಸಾಕು, ಆದರೆ ಒಂದು ಕೈಯಲ್ಲಿ ಉದುರಿಸುತ್ತ ಇನ್ನೊಂದು ಕೈಯಲ್ಲಿ ಕಡೆಯುತ್ತಿರಬೇಕು. ಸುರಿದು ಆಮೇಲೆ ಕಲಸುತ್ತೇನೆಂದರೆ ಹಸಿರು ಗಂಟುಗಳೇ ಗತಿ.

ತಿಗಾದೆಗೆನಾ

ಬಂಬಾರ ಭಾಷೆಯಲ್ಲಿ ತಿಗಾದೆಗೆ ಎಂದರೆ ಶೇಂಗಾ ಮುದ್ದೆ, ನಾ ಎಂದರೆ ಸಾರು. ಮಾಲಿಯ ಒಂದೇ ಅಡುಗೆ ಮಾಡಲು ಸಮಯವಿದೆ ಎನ್ನುವವರು ಇದನ್ನೇ ಮಾಡಿ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಅದಕ್ಕೂ ಮುಂಚೆ ಅಲ್ಲಿದ್ದದ್ದು ನೆಲದೊಳಗೇ ಕಾಯಿ ಬಿಡುವ ಇನ್ನೊಂದು ಕಾಳು, ಬಂಬಾರ ಜನರ ಹೆಸರಿನಿಂದಲೇ ಅದಕ್ಕೆ ಬಂಬಾರ ಶೇಂಗಾ ಎನ್ನುತ್ತಾರೆ.

ಮಾಂಸ ಅಥವಾ ಕೋಳಿ 750 ಗ್ರಾಂ, ಶೇಂಗಾ ಮುದ್ದೆ 200 ಗ್ರಾಂ, ಈರುಳ್ಳಿ 2, ಟೊಮೆಟೊ 300 ಗ್ರಾಂ, ಟೊಮೆಟೊ ಪೇಸ್ಟ್ 2 ದೊಡ್ಡ ಚಮಚ, ಬೆಳ್ಳುಳ್ಳಿ 5 ಎಸಳು, ಬಿರಿಯಾನಿ ಎಲೆ 1, ಕಾಳುಮೆಣಸಿನ ಪುಡಿ ಅರ್ಧ ಚಮಚ, ಎಣ್ಣೆ 3 ದೊಡ್ಡ ಚಮಚ, ನೀರು ಒಂದೂವರೆ ಲೀಟರ್. ತರಕಾರಿಗೆ ಕ್ಯಾರೆಟ್, ಎಲೆಕೋಸಿನ ದೊಡ್ಡ ಹೋಳು, ಗೆಣಸು. ಅಲ್ಲಿ ಗೋಯೊ ಎಂಬ ಸ್ವಲ್ಪ ಕಹಿಯ ಬದನೆಯೂ ಬೀಳುತ್ತದೆ. ಖಾರಕ್ಕೆ ಒಂದು ಸ್ಕಾಚ್ ಬಾನೆಟ್ ಮೆಣಸಿನಕಾಯಿ, ಇಲ್ಲದಿದ್ದರೆ ಎರಡು ಇಡೀ ಹಸಿಮೆಣಸಿನಕಾಯಿ.

ಎಣ್ಣೆಯಲ್ಲಿ ಮಾಂಸದ ತುಂಡುಗಳನ್ನು ಎಲ್ಲ ಬದಿಯೂ ಕಂದಾಗುವಂತೆ ಹುರಿದು ತೆಗೆಯಿರಿ. ಅದೇ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ. ಆಮೇಲೆ ಟೊಮೆಟೊ ಪೇಸ್ಟ್ ಹಾಕಿ ಅದರ ಬೆಡಗಿನ ಕೆಂಪು ಇಳಿದು ಇಟ್ಟಿಗೆ ಬಣ್ಣಕ್ಕೆ ಬರುವವರೆಗೆ, ಸುಮಾರು ಐದು ನಿಮಿಷ, ಹುರಿಯಬೇಕು. ಇಲ್ಲಿ ಅವಸರ ಮಾಡಿದರೆ ಸಾರಿಗೆ ಡಬ್ಬಿಯ ಹಸಿಹುಳಿ ಅಂಟಿಕೊಳ್ಳುತ್ತದೆ. ಹೆಚ್ಚಿದ ಟೊಮೆಟೊ, ಮಾಂಸ, ನೀರು, ಉಪ್ಪು, ಕಾಳುಮೆಣಸಿನ ಪುಡಿ, ಎಲೆ ಹಾಕಿ ಅರ್ಧ ಗಂಟೆ ಕುದಿಸಿ.

ಈಗ ಮುಖ್ಯ ಹೆಜ್ಜೆ. ಶೇಂಗಾ ಮುದ್ದೆಯನ್ನು ನೇರವಾಗಿ ಪಾತ್ರೆಗೆ ಹಾಕಬೇಡಿ. ಒಂದು ಬಟ್ಟಲಲ್ಲಿ ಅದನ್ನಿಟ್ಟು ಕುದಿಯುವ ಸಾರನ್ನೇ ಒಂದೊಂದು ಸೌಟು ಎರೆಯುತ್ತ ಕಲಸಿ. ಮೊದಲ ಸೌಟಿಗೆ ಅದು ಒಡೆದಂತೆ, ಬಿಗಿದಂತೆ ಕಾಣುತ್ತದೆ. ಹೆದರಬೇಡಿ, ಮೂರನೆಯ ಸೌಟಿಗೆ ದೋಸೆ ಹಿಟ್ಟಿನಷ್ಟು ನಯವಾಗುತ್ತದೆ. ಇದನ್ನು ಪಾತ್ರೆಗೆ ಸುರಿದು, ಗಟ್ಟಿ ತರಕಾರಿಗಳನ್ನು ಹಾಕಿ, ಮೆಣಸಿನಕಾಯಿಯನ್ನು ಇಡಿಯಾಗಿ ಮೇಲೆ ತೇಲಬಿಡಿ. ಸೌಟು ತಗುಲಿ ಅದು ಒಡೆಯದಿರಲಿ. ಒಡೆದರೆ ಮಕ್ಕಳಿಗೆ ಬೇರೆ ಅಡುಗೆ ಮಾಡಬೇಕಾದೀತು.

ಸಣ್ಣ ಉರಿಯಲ್ಲಿ 40–50 ನಿಮಿಷ. ಹತ್ತು ನಿಮಿಷಕ್ಕೊಮ್ಮೆ ತಳ ಕೆರೆದು ತಿರುವಲೇಬೇಕು, ಶೇಂಗಾ ಬಹಳ ಬೇಗ ತಳ ಹಿಡಿಯುತ್ತದೆ. ಗಡಿಯಾರ ನೋಡಿ ಇಳಿಸಬೇಡಿ, ಮೇಲ್ಮೈ ನೋಡಿ ಇಳಿಸಿ. ಕೆಂಪೆಣ್ಣೆ ಅಲ್ಲಲ್ಲಿ ಬೇರ್ಪಟ್ಟು ತೇಲಿದಾಗ ಸಾರು ಆಯಿತು. ಅದಕ್ಕೂ ಮುಂಚೆ ಇಳಿಸಿದ್ದು ಹಸಿ ಶೇಂಗಾ ವಾಸನೆಯ ಗಂಜಿ, ಅಷ್ಟೇ. ಸಾರಿನಲ್ಲಿ ಅದ್ದಿ ತೆಗೆದ ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಉಳಿಯಬೇಕು. ಆರಿದಂತೆ ಇನ್ನಷ್ಟು ಗಟ್ಟಿಯಾಗುವುದರಿಂದ ಕೊಂಚ ತೆಳ್ಳಗಿರುವಾಗಲೇ ಇಳಿಸಿ.

ತಳ ಹಿಡಿದುಬಿಟ್ಟರೆ ಕೆರೆಯಬೇಡಿ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ಒಂದು ಲೋಟ ಬಿಸಿನೀರು ಸೇರಿಸಿ ಮುಂದುವರಿಸಿ. ಮಾಂಸ ತಿನ್ನದವರ ಮನೆಯಲ್ಲಿ ಅಲಸಂದೆ ಕಾಳು, ಬದನೆ, ಸಿಹಿಗುಂಬಳ ಹಾಕಿ ಮಾಡಬಹುದು. ಆಗ ಸುಂಬಾಲಾ ಒಂದು ಚಮಚ ಬಿದ್ದರೆ ರುಚಿ ತುಂಬಿಕೊಳ್ಳುತ್ತದೆ.

ಜೊತೆಗೆ ಬಿಳಿ ಅನ್ನ. 1932ರಲ್ಲಿ ಶುರುವಾದ ಆಫೀಸ್ ದ್ಯು ನೀಜೆರ್ ನೀರಾವರಿ ಯೋಜನೆಯಿಂದ ಸೆಗು ಪ್ರಾಂತ್ಯದ ನಿಯೋನೊ ಸುತ್ತ ಭತ್ತದ ಗದ್ದೆಗಳು ಹಬ್ಬಿವೆ, ಪೇಟೆಯವರ ತಟ್ಟೆಗೆ ಅನ್ನ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಸೋನಾ ಮಸೂರಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಬಾಸ್ಮತಿ ಬೇಡ, ಅದರ ಘಮ ಶೇಂಗಾ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಉತ್ತರದ ಸೊಂಗಾಯ್ ಜನರ ಫಕೊಹೊಯ್ ಇನ್ನೊಂದು ಲೋಕ. ಸೆಣಬಿನ ಜಾತಿಯ ಗಿಡದ ಒಣಎಲೆಯ ಪುಡಿಯನ್ನು ಕುರಿಮಾಂಸದೊಡನೆ ಗಂಟೆಗಟ್ಟಲೆ ಕಾಯಿಸಿದ ಕಪ್ಪು ಹಸಿರು ಸಾರು. ಟಿಂಬಕ್ಟುವಿನಲ್ಲಿ ಗೋಧಿ ಹಿಟ್ಟಿನ ಹುದುಗು ಉಂಡೆಗಳನ್ನು ಹಬೆಯಲ್ಲಿ ಬೇಯಿಸಿ ಮಸಾಲೆ ಮಾಂಸದ ಸಾರಿನಲ್ಲಿ ಅದ್ದಿ ತಿನ್ನುವ ವಿಜಿಲಾ ಕೂಡ ಇದೆ. ಎರಡಕ್ಕೂ ಅರ್ಧ ದಿನ ಬೇಕು, ಮೊದಲ ಪ್ರಯತ್ನಕ್ಕೆ ಕೈ ಹಾಕುವಂಥವಲ್ಲ.

ಫೋನಿಯೊ, ಅಂದರೆ ಫಿನಿ

ಸಾಸಿವೆಗಿಂತ ಸಣ್ಣ ಕಾಳು. ಸಿಗದಿದ್ದರೆ ಕೊರಲೆ ಅಥವಾ ಸಾಮೆಯ ಸಣ್ಣ ನುಚ್ಚು ತೆಗೆದುಕೊಳ್ಳಿ. ಜೂಕಾ ಎಂದರೆ ಫೋನಿಯೊ ಮತ್ತು ಶೇಂಗಾಪುಡಿಯನ್ನು ಹಬೆಯಲ್ಲಿ ಬೇಯಿಸಿದ ತಿನಿಸು. ಬಿಡಿಬಿಡಿ ಉಪ್ಪಿಟ್ಟಿನಂತೆ ಕಾಣುತ್ತದೆ.

300 ಗ್ರಾಂ ಕಾಳನ್ನು ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಫೋನಿಯೊದಲ್ಲಿ ಮರಳು ಇರುವುದು ಸಾಮಾನ್ಯ. ಪಾತ್ರೆಯನ್ನು ವಾಲಿಸಿ ತಿರುಗಿಸುತ್ತ ಕಾಳನ್ನು ನೀರಿನೊಡನೆ ಬೇರೆ ಪಾತ್ರೆಗೆ ಬಗ್ಗಿಸಿದರೆ ಮರಳು ತಳದಲ್ಲಿ ಉಳಿಯುತ್ತದೆ. ಅಕ್ಕಿಯ ಕಲ್ಲು ಗಾಳಿಸುವ ಕೆಲಸವೇ ಇದು. ಇಡ್ಲಿ ಪಾತ್ರೆಯಲ್ಲಿ ತೆಳು ಬಟ್ಟೆ ಹಾಸಿ 15 ನಿಮಿಷ ಹಬೆ ಕೊಡಿ. ಅಗಲ ತಟ್ಟೆಗೆ ಹಾಕಿ ಗಂಟು ಒಡೆದು, 100 ಮಿ.ಲೀ. ಉಪ್ಪುನೀರು ಚಿಮುಕಿಸಿ ಮತ್ತೆ 10 ನಿಮಿಷ. ಮೂರನೆಯ ಸಲ 100 ಗ್ರಾಂ ತರಿ ಶೇಂಗಾಪುಡಿ, ಒಂದು ಚಮಚ ಬೆಂಡೆಪುಡಿ, ಎರಡು ಚಮಚ ಎಣ್ಣೆ ಕಲಸಿ 10 ನಿಮಿಷ. ಒಂದೇ ಸಲಕ್ಕೆ ನೀರೆಲ್ಲ ಹಾಕಿ ಕುಕ್ಕರಿಗೆ ಇಟ್ಟರೆ ಮುದ್ದೆಯಾಗುತ್ತದೆ, ಮೂರು ಹಬೆಯ ಗುಟ್ಟು ಅದೇ.

ದೆಗೆ

ಸಜ್ಜೆ ಹಿಟ್ಟಿನ ಸಣ್ಣ ಕಾಳುಗಳನ್ನು ಹುಳಿಮೊಸರಿನಲ್ಲಿ ಬೆರೆಸಿದ್ದು. ಕುಡಿಯುವುದೋ ತಿನ್ನುವುದೋ ಎಂದರೆ ಎರಡೂ. 1352ರಲ್ಲಿ ಸಹಾರಾ ದಾಟಿ ಆಗಿನ ಮಾಲಿ ಸಾಮ್ರಾಜ್ಯದ ಗಡಿಯೂರಾದ ವಲಾತಾಕ್ಕೆ ಬಂದ ಇಬ್ನ್ ಬತೂತಾನಿಗೆ ಅಲ್ಲಿನ ಅಧಿಕಾರಿ ಬಡಿಸಿದ್ದು ಇದೇ ವಂಶದ ಒಂದು ಪಾನೀಯ: ಕುಟ್ಟಿದ ಸಜ್ಜೆ, ಒಂದಿಷ್ಟು ಜೇನು, ಹಾಲು, ಸೋರೆಬುರುಡೆಯ ಬಟ್ಟಲಲ್ಲಿ. ಇಷ್ಟಕ್ಕೇ ನಮ್ಮನ್ನು ಕರೆದರೇ ಎಂದು ಅವನು ಮುಖ ಸಿಂಡರಿಸಿದ. ಸುಮಾರು ಹತ್ತು ವರ್ಷ ಮುಂಚೆ ನಮ್ಮ ಹೊನ್ನಾವರದಲ್ಲಿ ಅನ್ನ, ತುಪ್ಪ, ಉಪ್ಪಿನಕಾಯಿಯ ಭರ್ಜರಿ ಊಟ ಉಂಡಿದ್ದವನಲ್ಲವೇ!

250 ಗ್ರಾಂ ಸಜ್ಜೆ ಹಿಟ್ಟನ್ನು ಅಗಲ ಪರಾತದಲ್ಲಿ ಹರಡಿ, ಸುಮಾರು 120 ಮಿ.ಲೀ. ನೀರನ್ನು ಬೆರಳಿನಿಂದ ಚಿಮುಕಿಸುತ್ತ, ಅಂಗೈಯನ್ನು ಹಗುರವಾಗಿ ಒಂದೇ ದಿಕ್ಕಿಗೆ ಆಡಿಸಿ. ಒತ್ತಬಾರದು. ಹಿಟ್ಟು ಸಾಬಕ್ಕಿಗಿಂತ ಸಣ್ಣ ಕಾಳುಗಳಾಗಿ ಕೂಡುತ್ತದೆ. ಜರಡಿ ಹಿಡಿದು ದಪ್ಪ ಉಂಡೆಗಳನ್ನು ಒಡೆದು ಮತ್ತೆ ಆಡಿಸಿ. ಬಟ್ಟೆಯ ಮೇಲೆ 20 ನಿಮಿಷ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಫೋರ್ಕಿನಿಂದ ಬಿಡಿಸಿ, ಪೂರ್ತಿ ಆರಲು ಬಿಡಿ. 500 ಮಿ.ಲೀ. ಗಟ್ಟಿ ಹುಳಿಮೊಸರು, 200 ಮಿ.ಲೀ. ಕಾಯಿಸಿ ಆರಿಸಿದ ಹಾಲು, 80 ಗ್ರಾಂ ಸಕ್ಕರೆ, ಚೂರು ಜಾಯಿಕಾಯಿ ಪುಡಿ ಕಡೆದು ಅದರಲ್ಲಿ ಬೆರೆಸಿ. ಎರಡು ಗಂಟೆ ತಣ್ಣಗಿಟ್ಟರೆ ಕಾಳು ಮೊಸರನ್ನು ಹೀರಿಕೊಳ್ಳುತ್ತದೆ. ಬಿಸಿ ಕಾಳು ಹಾಕಿದರೆ ಮೊಸರು ಒಡೆಯುತ್ತದೆ. ನೀರು ಹೆಚ್ಚಾಗಿ ಹಿಟ್ಟು ಮುದ್ದೆಯಾಯಿತೆಂದರೆ ಒಣಹಿಟ್ಟು ಸೇರಿಸಿ ಸರಿಪಡಿಸಲು ಹೋಗಬೇಡಿ, ರೊಟ್ಟಿ ಬಡಿದುಬಿಡಿ.

ಇದೇ ಕಾಳುಗಳನ್ನು ಹಬೆಗೆ ಇಡದೆ ಕುದಿಯುವ ನೀರಿಗೆ ಉದುರಿಸಿ, ಹುಣಸೆ ಅಥವಾ ನಿಂಬೆ ಹುಳಿ ಮತ್ತು ಸಕ್ಕರೆ ಹಾಕಿದರೆ ಮೋನಿ. ಬೆಳಗಿನ ಗಂಜಿ, ರಂಜಾನಿನಲ್ಲಿ ಉಪವಾಸ ಬಿಡುವ ಗಂಜಿ.

ಪಾನಕಗಳು

ಕೆಂಪು ಪಾನಕಕ್ಕೆ ಬಂಬಾರದಲ್ಲಿ ದಬಿಲೇನಿ ಎಂದು ಹೆಸರು. ಉತ್ತರ ಕರ್ನಾಟಕದ ಪುಂಡಿಪಲ್ಯದ ಗಿಡಕ್ಕೆ ಒಡಹುಟ್ಟಿನದು. ಬಳಸುವುದು ಎಲೆಯಲ್ಲ, ಹೂವು ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪ ಕೆಂಪು ಪುಷ್ಪಪಾತ್ರೆ. ಸೊಪ್ಪಿಗೆ ಬೆಳೆವ ತಳಿಗಳಲ್ಲಿ ಅದು ತೆಳ್ಳಗಿರುತ್ತದೆ, ಕೆಂಪು ದಪ್ಪ ತಳಿಯನ್ನೇ ಹುಡುಕಿ. ಒಣಗಿಸಿದ್ದು 100 ಗ್ರಾಂ, ನೀರು 2 ಲೀಟರ್, ಸಕ್ಕರೆ 180 ಗ್ರಾಂ, ಪುದೀನ ಒಂದು ಹಿಡಿ. ಧೂಳು ಹೋಗುವಂತೆ ಒಮ್ಮೆ ತೊಳೆದು, ಸ್ಟೀಲ್ ಪಾತ್ರೆಯಲ್ಲಿ 8–10 ನಿಮಿಷ ಮಾತ್ರ ಕುದಿಸಿ, ಪುದೀನ ಹಾಕಿ ಮುಚ್ಚಿ ಆರಲು ಬಿಡಿ. ಬಟ್ಟೆಯಲ್ಲಿ ಸೋಸಿದ ಮೇಲೆ ಸಕ್ಕರೆ. ಅಲ್ಯುಮಿನಿಯಂ, ಕಬ್ಬಿಣದ ಪಾತ್ರೆ ಬೇಡ, ಹುಳಿಗೆ ಲೋಹ ಬಿಟ್ಟು ಬಣ್ಣ, ರುಚಿ ಎರಡೂ ಕೆಡುತ್ತವೆ. ಹೆಚ್ಚು ಕುದಿಸಿದರೆ ಒಗರು. ಬಮಾಕೊದ ಬೀದಿಗಳಲ್ಲಿ ಇದನ್ನು ಪುಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ತಣ್ಣಗೆ ಮಾರುತ್ತಾರೆ, ಮೂಲೆ ಕಚ್ಚಿ ಹೀರುವುದು. ಬಿಳಿ ಅಂಗಿ ತೊಟ್ಟವರು ಎಚ್ಚರ.

ನ್ಯಮಕುಜಿ ಎಂದರೆ ಶುಂಠಿ ನೀರು. ಇದನ್ನು ಕುದಿಸುವುದಿಲ್ಲ. ಕುದಿಸಿದರೆ ಕಷಾಯ. 250 ಗ್ರಾಂ ಹಸಿಶುಂಠಿಯನ್ನು ಸಿಪ್ಪೆ ಕೆರೆದು, ಅರ್ಧ ಲೀಟರ್ ನೀರಿನೊಡನೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಇನ್ನೂ ಒಂದೂವರೆ ಲೀಟರ್ ನೀರು ಸೇರಿಸಿ. ಒಂದೆರಡು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬಿಳಿಯ ಗಸಿ ಕೂರುತ್ತದೆ, ಶುಂಠಿಯ ಪಿಷ್ಟ ಅದು. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು 150 ಗ್ರಾಂ ಸಕ್ಕರೆ, ಮೂರು ನಿಂಬೆಯ ರಸ, ಜಜ್ಜಿದ ಪುದೀನ ಹಾಕಿ. ಗಸಿ ಬೆರೆತರೆ ಗಂಟಲು ಕೆರೆಯುತ್ತದೆ.

ಬಾವೊಬಾಬ್ ಹಣ್ಣಿನ ಪಾನಕವೂ ಇದೆ. ಬಂಬಾರದಲ್ಲಿ ಆ ಮರ ಸಿರಾ. ಸವಣೂರಿನ ದೊಡ್ಡಹುಣಸೆ ಮರಗಳು ಇದೇ ಜಾತಿಯವು. ಕಾಯಿಯೊಳಗಿನ ಒಣ ಬಿಳಿ ತಿರುಳು 100 ಗ್ರಾಂ ತೆಗೆದು ಮುಕ್ಕಾಲು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ಕೈಯಲ್ಲಿ ಕಿವುಚಿ, ಬೀಜ ನಾರು ಸೋಸಿ, ಸಕ್ಕರೆ ಹಾಕಿ. ಹಾಲು ಬೆರೆಸಿದರೆ ಹುಳಿಗೆ ಒಡೆಯುವ ಭಯ ಇರುವುದರಿಂದ ತಣ್ಣನೆಯ ಕಂಡೆನ್ಸ್ಡ್ ಹಾಲೇ ಸರಿ.

ಬಹುಪಾಲು ಮುಸ್ಲಿಮರ ದೇಶವಾದ್ದರಿಂದ ಮನೆಗಳಲ್ಲಿ ಸಿಗುವುದು ಇಂಥ ಪಾನಕಗಳೇ. ಆದರೆ ಬಂಡಿಯಾಗರಾ ಸೀಮೆಯ ದೊಗೊನ್ ಜನರ ಹಳ್ಳಿಗಳಲ್ಲಿ ಸಜ್ಜೆಯ ಬಿಯರ್ ಇಂದಿಗೂ ಹಬ್ಬದ ಪಾನೀಯ.

ಊಟಕ್ಕೆ ಕೂರುವುದು

ತಟ್ಟೆ ಜೋಡಿಸಬೇಡಿ. ಒಂದೇ ದೊಡ್ಡ ಬೋಗುಣಿ ನೆಲದ ಮೇಲೆ, ಸುತ್ತ ಎಲ್ಲರೂ. ಕೈ ತೊಳೆಯುವ ನೀರು ಮೊದಲು ಬರುತ್ತದೆ. ಬಲಗೈಯಲ್ಲಿ, ತನ್ನ ಮುಂದಿನ ಭಾಗದಿಂದ ಮಾತ್ರ ಉಣ್ಣಬೇಕು. ಪಕ್ಕದವರ ಕಡೆಗೆ ಕೈ ಚಾಚುವುದು ಅಸಭ್ಯ. ಮಾಂಸ ನಡುವಿನಲ್ಲಿರುತ್ತದೆ, ಅದನ್ನು ಹಿರಿಯರು ಹಂಚುತ್ತಾರೆ. ತೋ ಆದರೆ ಬೆರಳ ತುದಿಯಲ್ಲಿ ತುಂಡು ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಮುದ್ದೆಯಂತೆಯೇ, ಅಗಿಯುವ ಮಾತಿಲ್ಲ.

ಮೂರು ಲೋಟ ಚಹಾ

ಊಟವಾದ ಮೇಲೆ ಚಹಾ, ಅದಕ್ಕೆ ಒಂದೂವರೆ ಎರಡು ಗಂಟೆ. ಬಮಾಕೊದಲ್ಲಿ ಗೆಳೆಯರು ದಿನವೂ ಸೇರುವ ಕಟ್ಟೆಗೆ ಗ್ರೆಂ ಎನ್ನುತ್ತಾರೆ, ಅದರ ನಡುವೆ ಇದ್ದಿಲ ಒಲೆಯ ಮೇಲೆ ಪುಟ್ಟ ಎನಾಮಲ್ ಕೆಟಲ್ ಇದ್ದೇ ಇರುತ್ತದೆ. ಎಲೆ ಚೀನಾದ ಗನ್‌ಪೌಡರ್ ಹಸಿರು ಚಹಾ, ಮೂರು ಸುತ್ತಿಗೂ ಸೇರಿ 25 ಗ್ರಾಂ.

ಮೊದಲ ಸುತ್ತು: 300 ಮಿ.ಲೀ. ನೀರು, ಎಲ್ಲ ಎಲೆ, 15 ನಿಮಿಷ ಸಣ್ಣ ಕುದಿ, 40–50 ಗ್ರಾಂ ಸಕ್ಕರೆ. ಕೆಟಲಿನಿಂದ ಲೋಟಕ್ಕೆ ಒಂದು ಗೇಣಿಗೂ ಎತ್ತರದಿಂದ ಸುರಿದು, ಮತ್ತೆ ಕೆಟಲಿಗೆ, ಮತ್ತೆ ಲೋಟಕ್ಕೆ, ನೊರೆ ನಿಲ್ಲುವವರೆಗೆ. ಹೋಟೆಲಿನಲ್ಲಿ ಫಿಲ್ಟರ್ ಕಾಫಿ ಎತ್ತಿ ಸುರಿಯುವ ಕೈ ಇದ್ದವರಿಗೆ ಸುಲಭ. ನೊರೆ ಬರದಿದ್ದರೆ ಸಕ್ಕರೆ ಕಡಿಮೆ ಅಥವಾ ಕುದಿ ಸಾಲದು. ಎರಡನೆಯ ಸುತ್ತಿಗೆ ಅದೇ ಎಲೆಗೆ 250 ಮಿ.ಲೀ. ಹೊಸ ನೀರು, ಅಷ್ಟೇ ಸಕ್ಕರೆ, ಪುದೀನ. ಮೂರನೆಯದಕ್ಕೆ ನೀರು ಅಷ್ಟೇ, ಪುದೀನ ಹೆಚ್ಚು, ಸಕ್ಕರೆ ಧಾರಾಳ. ಮೊದಲನೆಯದು ಸಾವಿನಂತೆ ಕಹಿ, ಎರಡನೆಯದು ಬದುಕಿನಂತೆ ಹದ, ಮೂರನೆಯದು ಪ್ರೀತಿಯಂತೆ ಸಿಹಿ ಎಂದು ಆ ಸೀಮೆಯಲ್ಲೆಲ್ಲ ಹೇಳುವ ಮಾತು. ಲೋಟಗಳು ಇರುವುದೇ ಎರಡು ಮೂರು, ಒಬ್ಬರು ಕುಡಿದು ಮರಳಿಸಿದ ಮೇಲೆ ತೊಳೆದು ಇನ್ನೊಬ್ಬರಿಗೆ. ಮೊದಲ ಸುತ್ತಿನಲ್ಲೇ ಹೊರಟವರು ಸಿಹಿಯನ್ನು ಬಿಟ್ಟು ಹೋದಂತೆ. ಮೂರನೆಯದು ತೆಳ್ಳಗಿರುವುದರಿಂದ ಸುತ್ತ ಆಡುತ್ತಿರುವ ಮಕ್ಕಳಿಗೂ ಒಂದೊಂದು ಗುಟುಕು ಸಿಗುತ್ತದೆ.